ನಡ ನೋವು ಎಂದಷ್ಟೇ ಹೇಳಿದ್ದೆ

ಸಹನಾ, ಪ್ರಜ್ವಲ್, ಇದನ್ನು ಮೊಮ್ಮಕ್ಕಳಾದ ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ನಾನು ಓದಿದ್ದು ಮಾಸೂರಿನ ಸಾಲೆಯಲ್ಲಿ, ಏಳನೆಯ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಹೋದ ವರ್ಷ ಮದಗದ ಕೆರೆಯ ಕೆಳಗೆ ಭತ್ತದ ನಾಟಿ ನಡೆದಿತ್ತು. ಬಗ್ಗಿದವಳು ಏಳಲು ಹೋದೆ. ಆಗಲಿಲ್ಲ. ನಡದಿಂದ ಎಡಗಾಲಿನ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂತಾಯಿತು.

"ಯಾಕ ಶಾಂತಕ್ಕ, ನಡಾ ಬಾಡಿಗಿ ತಂದಿದ್ದೇನ? ತಿರುಗಿ ಕೊಡೂ ಹೊತ್ತಾತೇನ?" ಎಂದು ಪಕ್ಕದ ಸಾಲಿನ ಫಕ್ಕೀರವ್ವ ನಗಾಡಿದಳು. ನಾನೂ ನಕ್ಕೆ. ನಾಟಿ ಹಚ್ಚುವವರಿಗೆ ನಡ ನೋವು ಇದ್ದದ್ದೇ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅದೇ ನಡ ಬಗ್ಗಿಸಿ ನಿಮ್ಮ ಅಪ್ಪನನ್ನು ಬೆಳೆಸಿದ್ದೆ.

ಆ ದಿನಗಳಲ್ಲಿ ಹಿರೇಕೆರೂರಿಗೆ ಮಂಗಳವಾರಕ್ಕೊಮ್ಮೆ ಒಬ್ಬ ಡಾಕ್ಟರು ಬರುತ್ತಿದ್ದರು. ಬೆನ್ನಿನ ರೋಗಗಳ ಸಂಶೋಧನೆ ಮಾಡುವ ಹೆಣ್ಣುಮಗಳು. ನಾಟಿ ಮಾಡುವ ಹೆಂಗಸರ ನಡ ಯಾಕೆ ಕೆಡುತ್ತದೆ ಎಂದು ನಮ್ಮನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು. ಮದ್ದೂ ಕೊಡುತ್ತಿದ್ದರು. ನಿಮ್ಮ ಅಪ್ಪ ನನ್ನನ್ನು ಕರೆದುಕೊಂಡು ಹೋದ.

ಎರಡನೆಯ ಸಲ ಹೋಗುವ ಹೊತ್ತಿಗೆ ಇನ್ನೊಂದು ಸುರುವಾಗಿತ್ತು. ಕೂರುವ ಜಾಗವೆಲ್ಲ ಜೋಮು. ಒಂದಕ್ಕೆ ಬಂದದ್ದು ಸೀರೆ ತೋಯ್ದ ಮೇಲೇ ತಿಳಿಯುತ್ತಿತ್ತು. ಯಾರಿಗೂ ಹೇಳದೆ ಬಚ್ಚಲಲ್ಲಿ ಒಗೆದು ಹಾಕುತ್ತಿದ್ದೆ. ನಿಮ್ಮ ಮಗ್ಗಲಲ್ಲಿ ಮಲಗುವುದನ್ನು ಬಿಟ್ಟದ್ದು ಆಗಲೇ. ಸಹನಾ, "ಆಯಿ ನನ್ನ ಮ್ಯಾಲೆ ಸಿಟ್ಟಾಗ್ಯಾಳ" ಎಂದು ನೀನು ಅತ್ತಿದ್ದೆ. ಸಿಟ್ಟಲ್ಲ, ನನ್ನ ಕೂಸೇ.

ಡಾಕ್ಟರು ಕಾಲು ಎತ್ತಿಸಿ ನೋಡಿದರು. ತಮ್ಮ ಪ್ರಶ್ನೆಗಳ ಹಾಳೆ ನೋಡಿಕೊಂಡು ಕೇಳಿದರು.

"ಒಂದಕ್ಕ ಹೋಗೂದು ಸರಿ ಐತೇನ್ರಿ ಅಮ್ಮಾರ? ತಡಕೊಳ್ಳಾಕ ಆಗವಲ್ದು, ಗೊತ್ತಾಗವಲ್ದು, ಹಂಗೇನರ?"

ನಿಮ್ಮ ಅಪ್ಪ ನನ್ನ ಚೀಲ ಹಿಡಿದು ಎದುರಿಗೇ ನಿಂತಿದ್ದ.

"ಎಲ್ಲಾ ಸರಿ ಐತ್ರಿ," ಅಂದೆ.

ಅವರು ಹಾಳೆಯ ಮೇಲೆ ಗುರುತು ಹಾಕಿದರು.

ನಮ್ಮಲ್ಲಿ ಬೆಳೆದ ಮಗನ ಮುಂದೆ ತಾಯಿ ಅಂಥ ಮಾತು ಆಡುವುದಿಲ್ಲ. ಒಂದಕ್ಕೆ ಹೋಗುವಾಗಲೂ "ಹಿತ್ತಲಕ್ಕ ಹೋಗಿ ಬರ್ತೇನಿ" ಎನ್ನುತ್ತೇವೆ. ಅವನಿಗೆ ಹೊರಗೆ ಹೋಗು ಎನ್ನಲೂ ಬಾಯಿ ಬರಲಿಲ್ಲ. ಯಾಕೆ ಎಂದು ಕೇಳಿದ್ದರೆ ಏನು ಹೇಳಲಿ?

ನಾಲ್ಕು ದಿನದ ಮೇಲೆ ನಿಮ್ಮ ಅವ್ವ ಬಚ್ಚಲಿಗೆ ಬಂದಾಗ ತೋಯ್ದ ಸೀರೆ ನನ್ನ ಕೈಯಲ್ಲಿತ್ತು. "ಎಷ್ಟ ದಿನಾ ಆತ್ರಿ ಅತ್ತಿ?" ಎಂದಷ್ಟೇ ಕೇಳಿದಳು. ಆಕೆಯೇ ಡಾಕ್ಟರಿಗೆ ಫೋನು ಮಾಡಿದಳು. ಅಂದೇ ಹುಬ್ಬಳ್ಳಿಗೆ ಒಯ್ದರು. ಎಂಆರ್‌ಐ. ಬೆನ್ನೆಲುಬಿನ ಡಿಸ್ಕ್ ಜಾರಿ, ಒಂದಕ್ಕೆ ಬಂದದ್ದನ್ನು ತಿಳಿಸುವ ನರಗಳ ಗೊಂಚಲನ್ನೇ ಒತ್ತಿತ್ತು. ಎಮರ್ಜೆನ್ಸಿ ಆಪರೇಷನ್.

ತಡವಾಗಿತ್ತು.

ಕಾಲಿನ ಉರಿ ಹೋಯಿತು. ಆದರೆ ಎಡಗಾಲು ಎಳೆಯುತ್ತದೆ. ಒಂದಕ್ಕೆ ಬಂದದ್ದು ಈಗಲೂ ತಿಳಿಯುವುದಿಲ್ಲ. ಗಡಿಯಾರ ನೋಡಿ ಹೋಗುತ್ತೇನೆ. ಈ ವರ್ಷ ಹೆಂಗಸರು ನಾಟಿಗೆ ಹೋಗುವುದನ್ನು ಕಟ್ಟೆಯ ಮೇಲೆ ಕುಳಿತು ನೋಡಿದೆ. ಇಷ್ಟು ವರ್ಷ ಬೈದುಕೊಂಡು ತುಳಿದ ಆ ಕೆಸರಿಗಾಗಿ ಜೀವ ಹಂಬಲಿಸಿತು.

"ನಾ ಅಲ್ಲಿ ನಿಂದರಬಾರದಿತ್ತು ಯವ್ವಾ," ಎಂದು ನಿಮ್ಮ ಅಪ್ಪ ಒಮ್ಮೆ ಅಂದ.

ಆಪರೇಷನ್ ಆದ ಮೇಲೆ ವಾರ್ಡಿಗೆ ಹಿರೇಕೆರೂರಿನ ಅದೇ ಡಾಕ್ಟರು ಬಂದು ಸ್ಟೂಲಿನ ಮೇಲೆ ಕುಳಿತರು. "ತಪ್ಪು ನಿಮ್ದಲ್ರಿ ಅಮ್ಮಾರ. ನಾ ನಿಮ್ಮ ಮಗನ್ನ ಹೊರಗ ಕಳಿಸಿ ಕೇಳಬೇಕಿತ್ತು," ಎಂದರು. ನನ್ನ ಸಂಗತಿಯನ್ನು ಹೆಸರಿಲ್ಲದೆ ತಮ್ಮ ಸಂಶೋಧನೆಯಲ್ಲಿ ಬರೆಯಲೇ ಎಂದು ಕೇಳಿದರು. ನಾಚಿಕೆಯಿಂದ ಒಪ್ಪಿಗೆಯ ಕಾಗದವನ್ನು ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡೆ. ಮೂರನೆಯ ದಿನ ಸಹಿ ಮಾಡಿದೆ.

ಈಗ ಅವರು ಹೆಂಗಸರನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಾರೆ. ಫಕ್ಕೀರವ್ವ ಹೋಗಿ ಬಂದಳು. "ನನ್ನ ಗಂಡನ್ನ ಹೊರಗ ಹಾಕಿ ಬಾಗಲಾ ಹಾಕ್ಕೊಂಡ್ರು ನೋಡ!" ಎಂದು ನಕ್ಕಳು. ನನಗೆ ನಗುವೂ ಬಂತು, ಅಳುವೂ ಬಂತು.

ನಡೆದಾಡುತ್ತೇನೆ. ನಿಮ್ಮನ್ನು ಕಣ್ತುಂಬ ನೋಡುತ್ತೇನೆ. ಇಷ್ಟು ಉಳಿದದ್ದೂ ಸಣ್ಣದಲ್ಲ. ಸಹನಾ, ವೈದ್ಯರು ಕೇಳಿದರೆ ಹೇಳು, ಕೇಳದಿದ್ದರೂ ಹೇಳು. ಪ್ರಜ್ವಲ್, ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಸ್ವಲ್ಪ ಹೊತ್ತು ಬಾಗಿಲ ಹೊರಗೆ ನಿಲ್ಲು. ಇಬ್ಬರೂ ಈ ಹಾಳೆಗಳನ್ನು ಹುಳ ಹಿಡಿಯದಂತೆ ಜೋಪಾನ ಮಾಡಿರಿ.