ನಗುವವರು ಬಾರದ ಭಾನುವಾರ

ಹತ್ತು ಮನೆಯವರು ಒಂದೇ ಟೀವಿಯ ಮುಂದೆ ಕೂತು, ಒಬ್ಬರನ್ನೊಬ್ಬರು ಕಾದು ನಗುತ್ತಿದ್ದ ಕಾಲ ಅದು. ನೀವೂ ಅಂಥ ನಡುಮನೆಯಲ್ಲಿ ಕೂತವರಾದರೆ ನಾನು ಹೆಚ್ಚು ವಿವರಿಸಬೇಕಿಲ್ಲ. ಎಂಬತ್ತರ ದಶಕದ ಕೊನೆ. ನನಗೆ ಒಂಬತ್ತು ವರ್ಷ. ಬೂದಿಕೋಟೆ ಪಕ್ಕದ ನಮ್ಮೂರಿಗೆ ಮೊದಲ ಟೀವಿ ಬಂದದ್ದು ನನ್ನ ಅಣ್ಣನ ಮದುವೆಯಲ್ಲಿ, ಚಿನ್ನದ ಗಣಿಯ ಊರಿಗಾಂನಿಂದ, ಅತ್ತಿಗೆಯ ಜೊತೆಗೆ.

ಅವರೆಕಾಯಿಯ ಕಾಲ. ಭಾನುವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಹೆಂಗಸರು ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದು ನಮ್ಮ ಮನೆಗೇ ಬರುತ್ತಿದ್ದರು. ಕಣ್ಣು ಟೀವಿಯ ಮೇಲೆ, ಕೈ ಕಾಳು ಹಿತುಕುವುದರಲ್ಲಿ. ಮನೆಯಿಡೀ ಸೊಗಡಿನ ವಾಸನೆ. ನಗು ಜೋರಾದರೆ ಕಾಳು ಚಂಗನೆ ಹಾರಿ ಯಾರದೋ ತಲೆಗೆ ಬೀಳುತ್ತಿತ್ತು, ಅದಕ್ಕೆ ಇನ್ನೊಂದು ನಗು.

ಬರುತ್ತಿದ್ದುದು ಹಿಂದಿಯ ಹಾಸ್ಯ ಧಾರಾವಾಹಿ. ನಮಗ್ಯಾರಿಗೂ ಹಿಂದಿ ಬಾರದು. ಅದೇನೂ ತೊಂದರೆಯಾಗಿರಲಿಲ್ಲ. ಮಾತು ಮುಗಿದ ಕೂಡಲೇ ಪೆಟ್ಟಿಗೆಯೊಳಗಿಂದ ಕಾಣದ ಜನ ಗೊಳ್ಳೆಂದು ನಗುತ್ತಿದ್ದರು. ಅವರ ಹಿಂದೆಯೇ ನಾವೂ ನಗುತ್ತಿದ್ದೆವು. ಅಜ್ಜಿಗೆ ಆ ಜನರ ಮೇಲೆ ಬಹಳ ಗೌರವ.

"ವಾರವಾರ ತಪ್ಪದೆ ಬತ್ತಾರೆ. ಒಂದಿನಾನಾದ್ರೂ ಮುಖ ತೋರ್ಸವ್ರಾ ನೋಡು, ಪಾಪ," ಎನ್ನುತ್ತಿದ್ದಳು.

ಊರಿಗಾಂನ ಶಾಲೆಯಲ್ಲಿ ಓದುವಾಗಲೇ ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದ ಅತ್ತಿಗೆ ಮಾತ್ರ ಆ ಜನರಿಗಿಂತ ಮೊದಲೇ ನಕ್ಕುಬಿಡುತ್ತಿದ್ದರು. ನೆರೆಯವರು ತಿರುಗಿ ನೋಡುತ್ತಿದ್ದರು. ಅಮ್ಮನಿಗೆ ಅವಮಾನ.

"ದೊಡ್ಡೋರು ಕುಂತವ್ರೆ ಕಣಮ್ಮ. ಎಲ್ರೂ ನಕ್ಕ ಮ್ಯಾಲೆ ನಗು. ಒಸಾ ಸೊಸೆ ಒಬ್ಳೇ ಇಂಗೆ ಕಿಸಕಿಸ ಅಂದ್ರೆ ಜನ ಏನಂದಾರು?"

ಅತ್ತಿಗೆ ನಗುವುದನ್ನೇ ಬಿಟ್ಟರು. ಒಂದು ಶನಿವಾರ ಸಂಜೆ ನನಗೆ ಜಡೆ ಹಾಕುತ್ತಾ ಅಣ್ಣನಿಗೆ ಹೇಳಿದರು: "ಸೋಮವಾರ ನನ್ನ ಬಸ್ಸು ಹತ್ತಿಸ್ಬಿಡಿ. ನಗೋಕೂ ಅಪ್ಪಣೆ ಬೇಕಾದ ಮನೇಲಿ ನನ್ ಕೈಲಿ ಇರಕ್ಕಾಗಲ್ಲ. ಮತ್ತೆ ಬರ್ತೀನಿ ಅಂತ ಹೇಳಲಾರೆ." ಅಣ್ಣ ಎದ್ದು ಸೈಕಲ್ಲಿಗೆ ಗಾಳಿ ಹೊಡೆಯತೊಡಗಿದ. ನಾನು ಅತ್ತಿಗೆಯ ಸೆರಗು ಹಿಡಿದುಕೊಂಡೆ. ಅಷ್ಟು ಹಗುರ ಕೈಯಲ್ಲಿ ನನ್ನ ತಲೆ ಬಾಚಿದವರು ಬೇರೆ ಯಾರೂ ಇರಲಿಲ್ಲ.

ಮಾರನೆಯ ದಿನ ಹಳೆಯ ಧಾರಾವಾಹಿ ಮುಗಿದು ಹೊಸದೊಂದು ಶುರುವಾಗಿತ್ತು. ಅದರಲ್ಲಿ ನಗುವ ಜನರೇ ಇರಲಿಲ್ಲ. ಒಬ್ಬ ಗುಮಾಸ್ತ ಹಾರ ಹಾಕಿದ ಮುದುಕಿಯ ಫೋಟೋದ ಮುಂದೆ ಎದೆ ಬಡಿದುಕೊಂಡು ಅಳುತ್ತಿದ್ದ. ಅವನ ಸಾಹೇಬ ಬೆನ್ನು ಸವರುತ್ತಿದ್ದ. ನಮ್ಮ ನಡುಮನೆಯಲ್ಲಿ ಹಿತುಕುವ ಕೈಗಳು ನಿಂತವು.

"ಅಯ್ಯೋ, ಯಾವ ತಾಯಿ ಓದ್ಲೋ," ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಫೋಟೋದಲ್ಲಿದ್ದ ಮುದುಕಿಯೇ ಕಾಫಿ ತಟ್ಟೆ ಹಿಡಿದು ಒಳಗಿಂದ ಬಂದಳು. ಗುಮಾಸ್ತ ಬವಳಿ ಬಂದು ಬಿದ್ದ.

"ಸತ್ತೋಳ ತಂಗಿ ಇರ್ಬೇಕು. ಅಚ್ಚು ಒಂದೇ ತರ ಅವ್ಳೆ," ಎಂದಳು ಅಮ್ಮ, ಗದ್ಗದಿತಳಾಗಿ.

ಅತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಮೈಯೆಲ್ಲ ಅದುರುತ್ತಿತ್ತು, ಕಣ್ಣಲ್ಲಿ ನೀರು. ಅಜ್ಜಿ ಪಕ್ಕಕ್ಕೆ ಸರಿದು ಅವರನ್ನು ತಬ್ಬಿಕೊಂಡಳು. "ಅಳ್ಬೇಡ ಕಣವ್ವ. ತವರು ನೆಪ್ಪಾಯ್ತಾ?"

ಅಷ್ಟೇ. ಅತ್ತಿಗೆಗೆ ತಡೆಯಲಾಗಲಿಲ್ಲ. ಅಜ್ಜಿಯ ಹೆಗಲ ಮೇಲೆ ತಲೆಯಿಟ್ಟು ಹೋ ಎಂದು ನಕ್ಕುಬಿಟ್ಟರು. ಸಾವಿನ ಮನೆಯಲ್ಲಿ ನಕ್ಕಂತೆ ಎಲ್ಲರೂ ಬೆಚ್ಚಿದರು. ಅಮ್ಮನ ಮುಖ ಕೆಂಪಾಯಿತು.

"ಯಾರೂ ಸತ್ತಿಲ್ಲ ಅತ್ತೆ!" ಅತ್ತಿಗೆ ಉಸಿರು ಎಳೆದುಕೊಂಡು ಹೇಳಿದರು. "ಆ ಗುಮಾಸ್ತ ರಜಾ ಬೇಕು ಅಂತ, ತನ್ನ ಅತ್ತೆ ಸತ್ತೋದ್ರು ಅಂತ ಸುಳ್ಳು ಹೇಳವ್ನೆ. ಸಾಹೇಬ್ರು ದುಃಖ ವಿಚಾರಿಸಕ್ಕೆ ಮನೆಗೇ ಬಂದವ್ರೆ. ಈಗ ಕಾಫಿ ತಂದೋರು ಯಾರು ಅಂದ್ಕೊಂಡ್ರಿ? ಆ ಸತ್ತೋದ ಅತ್ತೇನೇ!"

ಅತ್ತೆ ಸಾಯುವ ಹಾಸ್ಯವನ್ನು ಸೊಸೆ ಅತ್ತೆಗೇ ಬಿಡಿಸಿ ಹೇಳಿದ್ದಳು. ಎಲ್ಲರ ಕಣ್ಣೂ ಅಮ್ಮನ ಮೇಲೆ.

ಅಮ್ಮ ಒಂದು ಸಲ ಟೀವಿ ನೋಡಿದಳು, ಒಂದು ಸಲ ಅತ್ತಿಗೆಯನ್ನು ನೋಡಿದಳು. "ತೂ, ಮುಂಡೇಗಂಡ! ಅವ್ಳಿಗೋಸ್ಕರ ಕಣ್ಣೀರಾಕಿದ್ನಲ್ಲ ನಾನು!" ಎಂದವಳೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಆಮೇಲೆ ಎಲ್ಲರೂ. ಟೀವಿಯಲ್ಲಿ ಆಗಲೇ ಸೋಪಿನ ಜಾಹೀರಾತು ಬರುತ್ತಿತ್ತು, ನಮ್ಮ ನಗು ನಿಲ್ಲಲೇ ಇಲ್ಲ. ನನಗೆ ಗೊತ್ತಿದ್ದಂತೆ ಆ ಮನೆ ಅರ್ಥವಾಗಿ ನಕ್ಕದ್ದು ಅದೇ ಮೊದಲು.

ಸೋಮವಾರ ಅಣ್ಣ ಸೈಕಲ್ಲಿಗೆ ಬ್ಯಾಗು ಕಟ್ಟಿ ನಿಂತ. ಅತ್ತಿಗೆ ಹಿತ್ತಲಿನಿಂದಲೇ ಕೂಗಿದರು: "ಬಿಚ್ರೀ ಅದನ್ನ. ಬರೋ ವಾರ ಆ ಸಾಹೇಬ ಏನಂದ ಅಂತ ಅಜ್ಜಿಗೆ ಯಾರು ಹೇಳೋದು?"

ಪೆಟ್ಟಿಗೆಯೊಳಗಿನ ಎಷ್ಟೋ ನಗು ಮೊದಲೇ ಹಿಡಿದಿಟ್ಟು ಅಂಟಿಸಿದ್ದೆಂದು ನನಗೆ ತಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಈಗ ಆ ಮನೆಯಲ್ಲಿ ನಾಲ್ಕು ಫೋನು, ನಾಲ್ಕು ಮೂಲೆಯಲ್ಲಿ ನಾಲ್ಕು ನಗು. ಎಲ್ಲರಿಗೂ ಹಿಂದಿ ಬರುತ್ತದೆ. "ಏನಂದ, ನಂಗೂ ಹೇಳು" ಎಂದು ಕೇಳುವ ದನಿ ಹೋಗಿಬಿಟ್ಟಿತು ಎಂದುಕೊಂಡಿದ್ದೆ. ಅದಕ್ಕಾಗಿ ನನಗೆ ಸಂಕಟವಾಗುತ್ತಿತ್ತು.

ಆದರೆ ಕಳೆದ ತಿಂಗಳು ಹೋದಾಗ ಅಮ್ಮ ಮಂಚದ ಮೇಲೆ ಕೂತಿದ್ದಳು. ಕಿವಿ ಪೂರ್ತಿ ಮಂದ. ಪಕ್ಕದಲ್ಲಿ ಅತ್ತಿಗೆ, ತಲೆ ಅರ್ಧ ಬೆಳ್ಳಗಾದವರು, ಟೀವಿ ನೋಡುತ್ತಾ ಅಮ್ಮನ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದರು. ಅಮ್ಮ ಅವರ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು. ಅತ್ತಿಗೆ ನಕ್ಕರು. ಆಮೇಲೆ ಅಮ್ಮ ನಕ್ಕಳು.