ವಿರುಪಮ್ಮನ ಕರೀ ಫೋನು

ನಮ್ಮ ಓಣಿಯಲ್ಲಿ ಯಾರ ಮನೆಯ ಮದುವೆ ಕಾರ್ಡು ಅಚ್ಚಾದರೂ ಕೆಳಗೆ ಪಿ.ಪಿ. ನಂಬರ್ ಎಂದು, ಅಂದರೆ ಪಕ್ಕದವರನ್ನು ಕರೆಸಿ ಮಾತಾಡಿಸುವ ನಂಬರೆಂದು, ಇರುತ್ತಿದ್ದದ್ದು ವಿರುಪಮ್ಮನ ಮನೆಯ ನಂಬರು. ಹೊಸಪೇಟೆಯ ಚಪ್ಪರದಹಳ್ಳಿಯ ಆ ಓಣಿಗೆಲ್ಲ ಅದೊಂದೇ ಫೋನು. ಕಾಲುವೆ ನೀರು ಕುಡಿದು ಕಬ್ಬು ಆಳೆತ್ತರ ನಿಂತ ಕಾಲ ಅದು. ಮಾಳಿಗೆ ಮನೆಗಳೆಲ್ಲ ಆರ್.ಸಿ.ಸಿ. ಆದವು, ಸೈಕಲ್ಲಿನವರು ಬುಲೆಟ್ ಏರಿದರು, ವಿರುಪಮ್ಮನ ಗಂಡ ನಾಗೇಂದ್ರಪ್ಪ ಫೋನು ಹಾಕಿಸಿದ. ಫೋನಿನಲ್ಲಿ ಮಾತಾಡಲಿಕ್ಕೆ ಅವನಿಗೆ ಯಾರೂ ಇರಲಿಲ್ಲ, ಅದು ಬೇರೆ ಮಾತು. ಎದುರಿಗೆ ಕೂತವರ ಜೊತೆಗೇ ಎರಡು ಮಾತಿನ ಮೇಲೆ ಮೂರನೆಯದು ಆಡದ ಮನುಷ್ಯ.

ಆ ಕೊರತೆಯನ್ನು ವಿರುಪಮ್ಮ ತುಂಬುತ್ತಿದ್ದಳು. ಗಂಟೆ ಬಾರಿಸಿತೆಂದರೆ ಸಾಕು, ರಿಸೀವರ್ ಕೆಳಗಿಟ್ಟು ಬಾಗಿಲಿಗೆ ಬಂದು, "ಲೇ ಹಂಪಯ್ಯಾ, ಕಂಪ್ಲಿ ಬೀಗ್ರು ಲೈನಿನ್ಯಾಗ ಅದಾರ, ಜಲ್ದಿ ಬಾರಲೇ!" ಎಂದು ಕೂಗಿದರೆ ಆ ಧ್ವನಿಗೆ ಫೋನಿನ ಹಂಗೇ ಇಲ್ಲ, ಕಂಪ್ಲಿಗೆ ನೇರವಾಗಿ ಕೇಳಿಸಬೇಕು. ದರೋಜಿಯ ನನ್ನ ತವರಿನ ಕರೆ ಬರುವವರೆಗೆ ಕುಂದ್ರಿಸಿಕೊಂಡು ಚಹಾ ಕೊಟ್ಟು, ಕರೆ ಬಂದಾಗ ತಾನೂ ಪಕ್ಕದಲ್ಲೇ ನಿಂತು ಕೇಳಿ, ನಾನು ಅತ್ತರೆ ತಾನೂ ಅಳುತ್ತಿದ್ದಳು.

ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಅಂಕಿಯೂ ಅಷ್ಟೆ. ಆ ಕರೀ ಫೋನಿನ ದುಂಡು ಡಯಲ್ಲಿನ ತೂತುಗಳನ್ನು ಮೇಲಿನಿಂದ ಬೆರಳಿಟ್ಟು ಎಣಿಸಿಕೊಂಡು ಹೋಗಿ ತಿರುಗಿಸುತ್ತಿದ್ದಳು. ಎಂಟು ಅಂದರೆ ಎಂಟನೆಯ ತೂತು. ತಪ್ಪಿದ್ದನ್ನು ನಾನು ನೋಡಿಲ್ಲ.

ಅವಳಿಗೆ ತನ್ನದೇ ಅಂತ ಇದ್ದದ್ದು ಒಂದೇ ನಂಬರು, ಅದೂ ಗುಟ್ಟಿನದು. ತಂಗಿ ದ್ಯಾಮಕ್ಕನನ್ನು ಇದೇ ಊರಿನ ಚಿತ್ತವಾಡಗಿಗೆ ಕೊಟ್ಟಿದ್ದರು. ದ್ಯಾಮಕ್ಕನ ಗಂಡನ ಗದ್ದೆ, ನಾಗೇಂದ್ರಪ್ಪನ ಗದ್ದೆ ಒಂದೇ ತೂಬಿನ ಕೆಳಗೆ. ನೀರಿನ ಪಾಳಿಗಾಗಿ ಷಡ್ಡಕರಿಬ್ಬರೂ ಸಲಿಕೆ ಎತ್ತುವವರೆಗೆ ಹೋದರು. ಅಂದು ನಾಗೇಂದ್ರಪ್ಪ ಮನೆಗೆ ಬಂದು, "ಇವತ್ತಿನಿಂದ ಆ ಮನಿ ಹೆಸರು ಈ ಮನ್ಯಾಗ ಬರಬಾರದು" ಎಂದ. ಮುಗಿಯಿತು. ಅಕ್ಕ ತಂಗಿ ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸಿ ನಡೆಯಬೇಕಾಯಿತು.

ಆದರೆ ನಾಗೇಂದ್ರಪ್ಪನಿಗೊಂದು ಅಭ್ಯಾಸ. ಮಧ್ಯಾಹ್ನ ಉಂಡು, ಎಲೆಯಡಿಕೆ ಹಾಕಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂತನೆಂದರೆ ಒಂದು ತಾಸು ಒಳಗೆ ಬರುತ್ತಿರಲಿಲ್ಲ. ಅದೇ ಅವಳು ತಂಗಿಯ ಮನೆಗೆ ಫೋನು ತಿರುಗಿಸುವ ಹೊತ್ತು. ಓಣಿಯನ್ನೆಲ್ಲ ಎಬ್ಬಿಸುವ ಆ ಬಾಯಿ ಆಗ ಸೆರಗಿನೊಳಗೆ ಪಿಸುಗುಟ್ಟುತ್ತಿತ್ತು. ವರ್ಷಗಟ್ಟಲೆ ಹೀಗೆ ನಡೆಯಿತು.

ತೊಂಬತ್ತರ ಆಚೆಗೆ ಊರಿಗೆ ಹೊಸ ಎಕ್ಸ್‌ಚೇಂಜ್ ಬಂತು. ಎಲ್ಲ ನಂಬರಿನ ಮೊದಲಿಗೂ ಎರಡು ಎಂಬ ಅಂಕಿ ಸೇರಿತು, ಫೋನಿದ್ದ ಮನೆಗಳಿಗೆಲ್ಲ ಗುಂಡಿ ಒತ್ತುವ ಫೋನು ಬಂತು. ಹಳೆಯದನ್ನು ಒಯ್ಯಲು ಬಂದ ಫೋನಿನ ಆಫೀಸಿನವರಿಗೆ ನಾಗೇಂದ್ರಪ್ಪ, "ಅದು ಇಲ್ಲೇ ಇರ್ಲಿ" ಎಂದ. ಅದು ಅಟ್ಟ ಸೇರಿತು.

ಹೊಸದರಲ್ಲಿ ತೂತಿಲ್ಲ, ಎಣಿಸಲಿಕ್ಕೆ ಶುರುವಿಲ್ಲ, ಕೊನೆಯಿಲ್ಲ. ಮೂರು ಮೂರು ಗುಂಡಿಗಳ ಸಾಲು ಅವಳಿಗೆ ಎಲ್ಲ ಒಂದೇ. ನಾಗೇಂದ್ರಪ್ಪ ಎತ್ತಿಯಾನೆಂದು ತಂಗಿ ತಾನಾಗಿ ಫೋನು ಹಚ್ಚುತ್ತಿರಲಿಲ್ಲ. ಇನ್ನು ಅವಳ ಜೊತೆ ಮಾತಾಡಬೇಕಾದರೆ ಯಾರಿಗಾದರೂ ನಂಬರು ಹೇಳಿ ಒತ್ತಿಸಬೇಕು. ಹೇಳಿದರೆ ಗುಟ್ಟು ರಟ್ಟು. ನನ್ನನ್ನು ಕೇಳಬಹುದಿತ್ತು. ನನ್ನ ಬಾಯಿ ಎಂಥದ್ದೆಂದು ಗೊತ್ತಿದ್ದವಳು, ಕೇಳಲಿಲ್ಲ.

ಮಳೆಗಾಲವೆಲ್ಲ ಹಾಗೇ ಕಳೆಯಿತು. ಫೋನು ಬಂದರೆ, "ಹಂಪಯ್ಯಗ ಹೇಳ್ರವಾ ಯಾರರ" ಎಂದು ಮೆಲ್ಲಗೆ ಅನ್ನುವಳು. ಅವಳ ಕೂಗು ಕೇಳದೆ ನಾನೇ ಆಗಾಗ ಹೋಗಿ ಅವಳ ಬಾಗಿಲಲ್ಲಿ ಇಣುಕಿ ಬರುತ್ತಿದ್ದೆ.

ಒಂದು ದಿನ ನಾಗೇಂದ್ರಪ್ಪ ಲೈನ್‌ಮನ್ ಓಬಳಪ್ಪನನ್ನು ತಾನೇ ಕರೆದುಕೊಂಡು ಬಂದ. ಅಟ್ಟದಿಂದ ಕರೀ ಫೋನು ಇಳಿಸಿ, "ಇದನ್ನ ಹಾಕಿಕೊಡು. ಆಕಿಗೆ ಅದು ಬರವಲ್ದು" ಎಂದ. ತವರಿನ ಕರೆಗೆ ಕಾದು ನಾನೂ ಅಲ್ಲೇ ಕೂತಿದ್ದೆ. ಓಬಳಪ್ಪ ಗೋಡೆಯ ಡಬ್ಬಿ ಬಿಚ್ಚಿದ. ಹೊಸ ಫೋನಿನ ತುದಿಗೆ ಸಿಕ್ಕಿಸುವ ಗುಬುಟು, ಹಳೆಯದಕ್ಕೆ ಬರೀ ತಂತಿ. ತುದಿಗಳನ್ನು ಚಾಕುವಿನಿಂದ ಕೆರೆದು ಸ್ಕ್ರೂ ಅಡಿ ಸುತ್ತಿ ಬಿಗಿದ. ರಿಸೀವರ್ ಎತ್ತಿದರೆ ಗುಂಯ್ ಎಂದಿತು. ವಿರುಪಮ್ಮನ ಮುಖ ಅರಳಿತು.

ಓಬಳಪ್ಪ ತನ್ನ ಆಫೀಸಿಗೆ ತಿರುಗಿಸಿದ. ಎತ್ತಿದವರು ಯಾವುದೋ ಖಾನಾವಳಿಯವರು. ಮತ್ತೆ ತಿರುಗಿಸಿದ, ಯಾರೋ ಮುದುಕಿ ಬೈದಳು. ವಿರುಪಮ್ಮನ ಕಣ್ಣು ತುಂಬಿ ಬಂತು.

"ಬರಂಗಿಲ್ಲೇನಪ್ಪಾ ಇನ್ನ ಇದು?"

ಓಬಳಪ್ಪ ಡಯಲು ಬಿಚ್ಚಿ ಹಿಂದೆ ತಿರುಗಿಸಿ ನೋಡಿ ದಂಗಾದ. ಒಳಗೆಲ್ಲ ಹಳದಿ, ಕೆಂಪು. ಪ್ರತಿ ಆಯುಧಪೂಜೆಗೂ ವಿರುಪಮ್ಮ ಡಯಲಿನ ನಡುವೆ ಅರಿಷಿಣ ಬಳಿದು ಕುಂಕುಮವಿಟ್ಟು, ಮೇಲೆ ಕಾಯಿ ನೀರು ಚಿಮುಕಿಸುತ್ತಿದ್ದಳು. ಅದೆಲ್ಲ ಒಳಗಿಳಿದು ಹಲ್ಲುಚಕ್ರಗಳಿಗೆ ಮೆತ್ತಿಕೊಂಡಿತ್ತು.

"ಏನ್ರಿ ಯಮ್ಮಾ, ಫೋನಿಗೆ ಅರಿಷಿಣ ಹಚ್ಚಿ ಮದಿವಿ ಮಾಡಿರೇನು? ಡಯಲ್ ಕುಂಟಿಕೋಂತ ತಿರುಗತೈತಿ. ಹಳೇ ಎಕ್ಸ್‌ಚೇಂಜ್ ತಾಳಿಕೊಂಡಿತ್ತು. ಹೊಸದಕ್ಕ ಅಷ್ಟು ತಾಳ್ಮಿ ಇಲ್ಲ."

"ಪೂಜಿ ಮಾಡಿದ್ದ ತಪ್ಪಾತೇನು?" ಎಂದು ವಿರುಪಮ್ಮ ಸಿಡುಕಿದಳು. ಹಳೆಯ ವಿರುಪಮ್ಮ ಸ್ವಲ್ಪ ಬಂದಂತಾಯಿತು.

ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಓಬಳಪ್ಪ ಒರೆಸಿದ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ. ಡಯಲು ಸರಸರ ತಿರುಗಿ ಬಂತು. "ನಿಮಗ ಬಾಯಾಗ ಇರೋದು ಒಂದು ನಂಬರ್ ಹೇಳ್ರಿ, ಹಚ್ಚಿ ನೋಡಾಮು" ಎಂದ.

ವಿರುಪಮ್ಮ ಗಂಡನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. "ನನಗ ಯಾವೂ ನೆಪ್ಪಿಲ್ಲಪ್ಪ" ಎಂದು ನೆಲ ನೋಡಿದಳು.

ಗೋಡೆಗೆ ಒರಗಿದ್ದ ನಾಗೇಂದ್ರಪ್ಪ ಬಾಯಿಯ ಎಲೆಯನ್ನು ಒಂದು ದವಡೆಗೆ ಸರಿಸಿದ. "ಮದ್ಲು ಎರಡು ಹಾಕು. ಆಮ್ಯಾಕ ಎಂಟು, ಒಂದು, ಆರು, ಆರು" ಎಂದ.

ಓಬಳಪ್ಪ ತಿರುಗಿಸಿದ. ವಿರುಪಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. "ನಿಮಗ ಹೆಂಗ..." ಎಂದಳು.

"ಕಿಟಿಕಿ ಕೆಳಗ ಕಟ್ಟಿ ಐತಿ. ದಿನಾ ಟಕ್ ಟಕ್ ಅನ್ನೋದು ಎಣಿಸ್ಕೋಂತ ಕುಂದ್ರತಿದ್ನಿ. ನಿನ್ ಅರಿಷಿಣ ಮೆತ್ತಿ ನಿದಾನಕ ತಿರುಗತಿತ್ತು, ಎಣಿಸಾಕ ಚಲೋ ಆತು."

ಆ ಕಡೆ ಯಾರೋ "ಹಲೋ" ಎಂದದ್ದು ನನಗೂ ಕೇಳಿಸಿತು. ವಿರುಪಮ್ಮ ರಿಸೀವರ್ ಹಿಡಿದು ಅಳುತ್ತ ಗಂಡನ ಕಡೆ ಚಾಚಿದಳು. ಅವನು ಬೇಡವೆಂದು ತಲೆಯಾಡಿಸಿ, ಟವಲು ಹೆಗಲಿಗೆ ಹಾಕಿಕೊಂಡು, ದಿನದ ಹಾಗೇ ಹೊರಗಿನ ಕಟ್ಟೆಗೆ ನಡೆದ.

"ದ್ಯಾಮೀ!" ಎಂದು ವಿರುಪಮ್ಮ ಕೂಗಿದಳು. ಓಣಿಗೆಲ್ಲ ಕೇಳಿಸಿತು.

ನಾಗೇಂದ್ರಪ್ಪ ಆಡಿದ ಮಾತಿಗೆ ತಪ್ಪಲಿಲ್ಲ. ಸಾಯುವವರೆಗೆ ಆ ಮನೆಯವರ ಹೆಸರನ್ನು ಅವನು ಎತ್ತಲೇ ಇಲ್ಲ. ಹಬ್ಬ ಹತ್ತಿರವಾದಾಗ ಮಾತ್ರ, "ಎರಡು ಎಂಟು ಒಂದು ಆರು ಆರಕ್ಕ ಹೋಳಿಗಿ ಕೊಟ್ಟು ಕಳಿಸು" ಎನ್ನುತ್ತಿದ್ದ.