ಒದ್ದೆ ಗೋಣಿಯೂ ಮೂರನೆಯ ತಂತಿಯೂ

ಚೌಕಾಸಿ ಮಾಡದೆ ಕೊಂಡ ವಸ್ತು ನಮ್ಮ ಮನೆಯಲ್ಲಿ ಒಂದೂ ಇಲ್ಲ ಎಂದು ನಾನು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡಿ ತಲೆಯೆತ್ತಿದವನು ನಾನು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಯೋಗಕ್ಷೇಮ ಹೇಳಬಲ್ಲೆ. ಅಂಥವನಿಗೆ ಕಂಪ್ಯೂಟರ್ ಕೊಳ್ಳುವುದು ಎಷ್ಟರ ಮಾತು? ಅಲ್ಲಾಡಿಸಿ ನೋಡಲು ಅಂಗಡಿಯವನು ಬಿಡಲಿಲ್ಲ, ಅಷ್ಟೇ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಕಂಪ್ಯೂಟರ್ ಬೇಕಾಗಿದ್ದದ್ದು ನನ್ನ ಹೆಂಡತಿ ನಾಗರತ್ನಳಿಗೆ. ಅವಳು ಟೈಪಿಂಗ್ ಕಲಿಸುತ್ತಿದ್ದ ಶಾಲೆ ಮುಚ್ಚಿಹೋಗಿತ್ತು. ಆಮೇಲೆ ಅಕ್ಕಿ ಆರಿಸುವಾಗಲೂ ಅವಳ ಬೆರಳುಗಳು ಮೊರದ ಅಂಚಿನ ಮೇಲೆ ಏನನ್ನೋ ಟೈಪ್ ಮಾಡುತ್ತಿದ್ದವು. ಮೇಷ್ಟ್ರುಗಳ ಪ್ರಶ್ನೆಪತ್ರಿಕೆ, ಮದುವೆಯ ಪತ್ರಿಕೆ ಎಲ್ಲವನ್ನೂ ಮನೆಯಲ್ಲೇ ಅಚ್ಚುಕಟ್ಟಾಗಿ ಮಾಡಿಕೊಡಬಹುದೆಂದು ಅವಳನ್ನು ಒಪ್ಪಿಸಿದವನು ನಾನೇ.

ಉಪದೇಶಕ್ಕೆ ನನ್ನಲ್ಲಿ ಎಂದೂ ಬರವಿಲ್ಲ. ಪರದೆ ಕಣ್ಣಿನ ಮಟ್ಟದಲ್ಲಿರಬೇಕು, ಕಿಟಕಿ ಪಕ್ಕಕ್ಕಿರಬೇಕು, ಬೆನ್ನಿಗೆ ಆಸರೆಯಿರಬೇಕು, ಪಾದ ನೆಲಕ್ಕೆ ತಾಗಬೇಕು: ಎಲ್ಲವನ್ನೂ ನಾನೇ ಅಳೆದು ಕೂರಿಸಿದೆ. ಉಳಿದದ್ದು ಅಂಗಡಿಯವನ ಒಂದು ಮಾತು: "ತಂಪಾಗಿರ್ಬೇಕು ಸಾರ್, ಧೂಳು ಬರ್ಬಾರ್ದು."

ತಂಪು, ಧೂಳು ಎಂದರೆ ನಾಗರತ್ನಳಿಗೆ ಹೇಳಿಕೊಡಬೇಕೆ? ಅವಳ ತೌರು ಸಾದಲಿ, ಹುಟ್ಟಿದ್ದು ಹುಳುಮನೆಯ ಪಕ್ಕದ ಕೋಣೆಯಲ್ಲಿ. ರೇಷ್ಮೆಹುಳುವಿಗೆ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಕಿಟಕಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸಿದಳು. ಚಪ್ಪಲಿ ಹೊಸ್ತಿಲಾಚೆ ಇಟ್ಟಳು. ನನಗೂ ಅದೇ ಸರಿ ಅನ್ನಿಸಿತು. ಮಧ್ಯಾಹ್ನದ ಹೊತ್ತು ಆ ಕೋಣೆಯಲ್ಲಿ ಕೂತರೆ ಲೋಕವೇ ಬೇರೆ. ಗೋಣಿಯ ಒದ್ದೆ ವಾಸನೆ, ಹಸಿರುಗಪ್ಪು ಬೆಳಕು, ಪರದೆಯ ಮೇಲೆ ತಾವಾಗಿಯೇ ಈಜುವ ಬಣ್ಣದ ಮೀನುಗಳು. ಹನಿಯೊಂದು ನೆಲಕ್ಕೆ ಬಿದ್ದ ಸದ್ದಾದಾಗ ಅದು ಕಿಟಕಿಯಿಂದ ಬಿತ್ತೋ ಪರದೆಯೊಳಗಿನಿಂದಲೋ ಎಂದು ತೂಕಡಿಸುತ್ತಲೇ ಯೋಚಿಸುತ್ತಿದ್ದೆ.

ನಾಲ್ಕನೆಯ ದಿನ ನಾಗರತ್ನ ಕಿರುಚಿದಳು. ಬರಿಗಾಲನ್ನು ಒದ್ದೆ ನೆಲಕ್ಕೆ ಊರಿ ಕುರ್ಚಿಯಲ್ಲಿ ಕೂತು, ಕಂಪ್ಯೂಟರಿನ ತಗಡಿನ ಪೆಟ್ಟಿಗೆಗೆ ಕೈ ತಾಗಿಸಿದ್ದಳು. ಮೊಣಕೈವರೆಗೂ ಜುಮ್ಮೆಂದಿತ್ತು. ಮುಖ ಬಿಳಿಚಿಕೊಂಡಿತ್ತು. "ಇನ್ನು ಇದನ್ನ ನಾನು ಮುಟ್ಟಲ್ಲ ಕಣ್ರೀ. ಯಾರಿಗ್ ಬೇಕಾದ್ರೂ ಕೊಟ್ಬಿಡಿ" ಎಂದಳು. ಆ ಸಂಜೆ ಅವಳು ಅಕ್ಕಿ ಆರಿಸುವಾಗ ನೋಡಿದೆ. ಬೆರಳುಗಳು ಮೊರದ ಅಂಚಿನ ಮೇಲೆ ಸುಮ್ಮನೆ ಬಿದ್ದಿದ್ದವು.

ಮಾರನೆಯ ದಿನ ಕೆಂಚಾರ್ಲಹಳ್ಳಿಯ ಎಲೆಕ್ಟ್ರಿಷಿಯನ್ ವೆಂಕಟರವಣಪ್ಪನನ್ನು ಕರೆಸಿದೆ. ಅವನು ಬಾಗಿಲಲ್ಲೇ ನಿಂತು ಗೋಣಿಗಳನ್ನು ನೋಡಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ.

"ಏಂದಿ ಸಾರ್ ಇದಿ? ಕಂಪ್ಯೂಟರ್ ಗೂಡು ಕಟ್ಲಿ ಅಂತ ಕಾಯ್ತಿದೀರಾ?"

ನಾಗರತ್ನ ಕೂಡ ನಕ್ಕಳು. ಆದರೆ ಅವನು ಗೋಡೆಯ ಸಾಕೆಟ್ ಬಿಚ್ಚಿ ನೋಡಿ ನಗು ನಿಲ್ಲಿಸಿದ. "ಗೋಣೀನ ಬೈದು ಏನ್ ಮಾಡಣ? ಅರ್ಥೇ ಇಲ್ವಲ್ಲ ಸಾರ್ ಇಲ್ಲಿ!"

ಅರ್ಥವೇ ಇಲ್ಲ ಎಂದು ನನಗೆ ಕೇಳಿಸಿತು. ಅವನು ಹೇಳಿದ್ದು ಇಂಗ್ಲಿಷಿನ ಅರ್ಥ್, ನೆಲಕ್ಕೆ ಹೋಗಬೇಕಾದ ತಂತಿಯ ಮಾತು. ಮನೆ ಕಟ್ಟಿಸುವಾಗ ವೈರಿಂಗಿನವನ ಜೊತೆ ನಾನು ವಾದಿಸಿದ್ದು ಆಗ ನೆನಪಾಯಿತು. ದೀಪ ಉರಿಯಲು ಎರಡು ತಂತಿ ಸಾಕು, ಏನೂ ಕೆಲಸ ಮಾಡದ ಮೂರನೆಯದು ಯಾಕೆ ಎಂದು ಕೇಳಿ ಅದನ್ನು ಲೆಕ್ಕದಿಂದ ಹಾರಿಸಿದ್ದೆ. ಗೆದ್ದೆ ಅಂತ ಬೀಗಿದ್ದೆ. ಅರ್ಥ ಎಂಬ ಮಾತಿಗೆ ದುಡ್ಡೆಂಬ ಅರ್ಥವೂ ಇದೆ, ಹುರುಳೆಂಬ ಅರ್ಥವೂ ಇದೆ. ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಕಳೆದವನು ನಾನೊಬ್ಬನೇ ಅಲ್ಲವೆಂದು ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಜುಮ್ಮೆಂದದ್ದು ನನ್ನ ಕೈಯಲ್ಲ.

"ರತ್ನಾ, ಆ ತಂತಿ ಬೇಡ ಅಂದಿದ್ದು ನಾನೇ ಕಣೇ" ಎಂದೆ. ಅವಳು ವೆಂಕಟರವಣಪ್ಪನಿಗೆ ಕಾಫಿ ತರಲು ಒಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಹಿತ್ತಲಲ್ಲಿ ಗುಂಡಿ ತೆಗೆದು ಪೈಪು ನಿಲ್ಲಿಸಿ, ಇದ್ದಿಲು, ಉಪ್ಪು ತುಂಬಿ, ನೀರು ಹೊಯ್ದು, ಅಲ್ಲಿಂದ ಸಾಕೆಟ್‌ವರೆಗೆ ಹೊಸ ತಂತಿ ಎಳೆದದ್ದಾಯಿತು. ಗೋಣಿ ಇಳಿಯಿತು, ನೆಲ ಒಣಗಿತು. ವೆಂಕಟರವಣಪ್ಪ ಬಲ್ಬು ಹಿಡಿದು ಪರೀಕ್ಷಿಸಿದ. "ಈಗ ಕೂತ್ಕೋಮ್ಮ ಧೈರ್ಯವಾಗಿ" ಎಂದ.

ಅವಳು ಕೂರಲಿಲ್ಲ. "ಮೊದ್ಲು ನೀವು ಮುಟ್ರಿ" ಎಂದು ನನ್ನ ಕಡೆ ನೋಡಿದಳು. ಮುಟ್ಟಿದೆ. ಏನೂ ಆಗಲಿಲ್ಲ. ಕೈ ತೆಗೆಯಲು ಹೋದೆ.

"ತೆಗೀಬೇಡಿ. ಈ ಪುಟ ಮುಗಿಯೋವರ್ಗೂ ಹಂಗೇ ಇಟ್ಕೊಂಡಿರಿ" ಎನ್ನುತ್ತಾ ಅವಳು ಕುರ್ಚಿಗೆ ಕೂತಳು.

ಏಳನೆಯ ತರಗತಿಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ ಅದು. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ, ಸಾಲು ಸಾಲಾಗಿ ಪರದೆಯ ಮೇಲೆ ಇಳಿಯುತ್ತಿದ್ದವು. ಮೊದಮೊದಲು ಅವಳ ಬೆರಳುಗಳು ಕೀಲಿಗಳನ್ನು ಸೋಕಿ ಹಿಂದೆ ಸರಿಯುತ್ತಿದ್ದವು. ಐದನೆಯ ಪ್ರಶ್ನೆಯ ಹೊತ್ತಿಗೆ ನಾನಿರುವುದನ್ನೇ ಮರೆತಿದ್ದಳು. ಅಂಗೈಯ ಕೆಳಗೆ ತಗಡು ಬೆಚ್ಚಗೆ ಗುಂಯ್‌ಗುಡುತ್ತಿತ್ತು, ನಿದ್ದೆ ಹೋದ ಕರುವಿನ ಬೆನ್ನಿನ ಹಾಗೆ.

ಹೊಸ ಕಂಪ್ಯೂಟರ್ ಕೂರಿಸುವವರು ಈಗಲೂ ನನ್ನ ಸಲಹೆ ಕೇಳಿಕೊಂಡು ಬರುತ್ತಾರೆ. ಕುರ್ಚಿ, ಕಿಟಕಿ, ತಂತಿ ಎಲ್ಲವನ್ನೂ ಹೇಳುತ್ತೇನೆ. ಕೊನೆಗೆ ಇನ್ನೊಂದನ್ನೂ ಸೇರಿಸುತ್ತೇನೆ: ಎಲೆಕ್ಟ್ರಿಷಿಯನ್ ಸರಿಯಿದೆ ಅಂದ ಮೇಲೆ, ದುಡ್ಡು ಉಳಿಸಿದವರು ಯಾರೋ ಅವರು ಒಂದು ಪುಟದಷ್ಟು ಹೊತ್ತು ಅದರ ಮೇಲೆ ಅಂಗೈ ಇಟ್ಟು ನಿಲ್ಲಲಿ.